ಮಾಗಿಯಲ್ಲಿ ಮಕ್ಕಳೊಂದಿಗೆ ಕರಟದ ಕಾಳುಬಟ್ಟಲು

ಮಾಗಿಯ ಈ ದಿನಗಳಲ್ಲಿ ಹಕ್ಕಿಗಳಿಗಾಗಿ ಮಕ್ಕಳಿಂದ ಕಾಳುಬಟ್ಟಲು ಮಾಡಿಸಬೇಕೆಂದಿರುವವರು ಪ್ಲಾಸ್ಟಿಕ್ ಡಬ್ಬಿಗಿಂತ ಅಡುಗೆಮನೆಯ ತೆಂಗಿನ ಕರಟವನ್ನೇ ಆರಿಸಿಕೊಳ್ಳುವುದು ಮೇಲು. ಮೂರು ಕಣ್ಣುಗಳಿರುವ ಹೋಳನ್ನು ತೆಗೆದುಕೊಂಡು, ಅದರ ನಾರನ್ನು ಮಕ್ಕಳು ಮರಳು ಕಾಗದದಿಂದ ಉಜ್ಜಿ ತೆಗೆದ ಮೇಲೆ, ಇಬ್ಬನಿಯ ನೀರು ಬಸಿದುಹೋಗುವಂತೆ ಮೆತ್ತನೆಯ ಕಣ್ಣನ್ನು ದಬ್ಬಳದಿಂದ ಚುಚ್ಚಬೇಕು. ಈ ತೂತು ಕಾಳಿಗಿಂತ ಚಿಕ್ಕದಾಗಿರಲಿ. ಇಲ್ಲವಾದರೆ ನವಣೆಯೆಲ್ಲ ಕೆಳಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಸುರಿದೀತು. ಅಂಚಿನ ಮೂರು ತೂತುಗಳನ್ನು ಕಾಯಿಸಿದ ಮೊಳೆಯಿಂದ ದೊಡ್ಡವರೇ ಕೊರೆದು, ತೆಂಗಿನ ನಾರಿನ ಹುರಿ ಕಟ್ಟಿಕೊಡಬೇಕು.

ಗುಬ್ಬಿಗಳಿಗೆ ನವಣೆ, ಸಜ್ಜೆ, ಅಕ್ಕಿನುಚ್ಚು ಸಾಕು. ಪಿಕಳಾರಗಳು ಹಣ್ಣನ್ನು ಬಯಸುವುದರಿಂದ ಅವುಗಳಿಗೆ ಬೇರೊಂದು ಕರಟದಲ್ಲಿ ಬಾಳೆಹಣ್ಣು ಅಥವಾ ಪರಂಗಿಯ ಹೋಳುಗಳನ್ನಿಡಬಹುದು. ಉಪ್ಪು, ಖಾರ ಹಾಕಿದ ಅಥವಾ ಕರಿದ ತಿಂಡಿಯನ್ನು, ಮಕ್ಕಳು ಎಷ್ಟೇ ಪ್ರೀತಿಯಿಂದ ತಂದರೂ, ಹಾಕಗೊಡಬಾರದು.

ಬಟ್ಟಲನ್ನು ಬೆಕ್ಕು ಹೊಂಚುಹಾಕುವ ಪೊದೆಗಳಿಂದ ದೂರದಲ್ಲಿ ತೂಗುಹಾಕಬೇಕು. ಹತ್ತಿರದಲ್ಲಿ ಗಾಜಿನ ಕಿಟಕಿಯಿದ್ದರೆ ಅದಕ್ಕೆ 3 ಅಡಿಯೊಳಗೆ ಕಟ್ಟುವುದು ಕ್ಷೇಮ, ಏಕೆಂದರೆ ಅಷ್ಟು ಕಡಿಮೆ ಅಂತರದಲ್ಲಿ ಹಕ್ಕಿಗೆ ವೇಗ ಏರಿರುವುದಿಲ್ಲ. ಒದ್ದೆಯಾದ ಕಾಳಿಗೆ ಬೂಷ್ಟು ಹಿಡಿಯುವುದರಿಂದ ದಿನಕ್ಕೆ ಒಂದು ಹಿಡಿಯಷ್ಟೇ ಹಾಕಿ, ವಾರಕ್ಕೊಮ್ಮೆ ಕರಟವನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಮುಟ್ಟಿದ ಮಕ್ಕಳೂ ಸೋಪು ಹಚ್ಚಿ ಕೈ ತೊಳೆದುಕೊಳ್ಳಲಿ.