ಮರಗೆಲಸ ಕಲಿಯುವವರು ಮೊದಲು ಯಾವ ಉಪಕರಣ ಕೊಳ್ಳಬೇಕು?

ಕೊಪ್ಪಳ, ಗಂಗಾವತಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಮರಗೆಲಸದ ಉಪಕರಣಗಳ ತುಂಬಿದ ಪೆಟ್ಟಿಗೆಯೇ ಸಿಗಬಹುದಾದರೂ ಹೊಸಬರು ಅದನ್ನು ಕೊಳ್ಳದಿರುವುದು ಮೇಲು. ಕೂರುವ ಒಂದು ಮಣೆ ಮಾಡಲು ಬೇಕಾದಷ್ಟನ್ನೇ ಮೊದಲು ತಂದು, ಉಳಿದ ಹಣವನ್ನು ಒಳ್ಳೆಯ ಸಾಣೆಕಲ್ಲಿಗೆ ಇಟ್ಟುಕೊಳ್ಳಬೇಕು.

ಮೊದಲು ಅಳತೆಯ ಸಾಧನಗಳು: 3 ಮೀಟರ್ ಟೇಪು ಮತ್ತು 90 ಡಿಗ್ರಿ ಕೋನ ನೋಡುವ ಮೂಲಮಟ್ಟ. ಟೇಪಿನ ತುದಿಯ ಕೊಕ್ಕೆ ತುಸು ಅಲುಗಾಡುವುದು ದೋಷವಲ್ಲ. ಒಳ ಅಳತೆ, ಹೊರ ಅಳತೆ ಎರಡರಲ್ಲೂ ಕೊಕ್ಕೆಯ ದಪ್ಪದ ವ್ಯತ್ಯಾಸ ಬಾರದಿರಲೆಂದೇ ಅದನ್ನು ಹಾಗೆ ಜೋಡಿಸಿರುತ್ತಾರೆ. ಮೂಲಮಟ್ಟವನ್ನು ಮಾತ್ರ ಅಂಗಡಿಯಲ್ಲೇ ಪರೀಕ್ಷಿಸಬೇಕು. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಗೆರೆ ಎಳೆದು, ಮಗುಚಿ ಹಿಡಿದು ಅದೇ ಬಿಂದುವಿನಿಂದ ಮತ್ತೊಂದು ಗೆರೆ ಎಳೆದಾಗ ಎರಡೂ ಒಂದರ ಮೇಲೊಂದು ಕೂತರೆ ಕೋನ ಸರಿಯಿದೆ. ಕವಲೊಡೆದರೆ ಅದು ಬೇಡ.

ಮರವನ್ನು ಉದ್ದಕ್ಕೆ ಸೀಳುವ ಗರಗಸದ ಹಲ್ಲು ಸಣ್ಣ ಉಳಿಯಂತೆಯೂ ಅಡ್ಡ ಕೊಯ್ಯುವುದರ ಹಲ್ಲು ಚೂರಿಯ ಮೊನೆಯಂತೆಯೂ ಇರುತ್ತದೆ. ಒಂದನ್ನೇ ಕೊಳ್ಳುವುದಾದರೆ ಇಂಚಿಗೆ 8ರಿಂದ 10 ಹಲ್ಲುಗಳಿರುವ ಅಡ್ಡ ಕೊಯ್ಯುವ ಗರಗಸ ಸಾಕು.

ಉಳಿಗಳ ವಿಷಯದಲ್ಲಿ ಅವಸರ ಸಲ್ಲದು. 6, 12 ಮತ್ತು 25 ಮಿ.ಮೀ. ಅಗಲದ ಮೂರು ಉಳಿಗಳು ಬಹಳ ಕಾಲ ಸಾಲುತ್ತವೆ. ಅವುಗಳ ಮರದ ಹಿಡಿಗೆ ಕಬ್ಬಿಣದ ಸುತ್ತಿಗೆಯಿಂದಲ್ಲ, ಮರದ ಕೊಡತಿಯಿಂದ ಹೊಡೆಯಬೇಕು. ಹೊಸ ಉಳಿ ಸಾಮಾನ್ಯವಾಗಿ ಕೆಲಸಕ್ಕೆ ಸಿದ್ಧವಾಗಿ ಬರುವುದಿಲ್ಲ. ಅದರ ಚಪ್ಪಟೆ ಬೆನ್ನನ್ನು ಸಾಣೆಕಲ್ಲಿನ ಮೇಲೆ ಸಮತಟ್ಟಾಗುವವರೆಗೆ ಉಜ್ಜಿ, 25 ಡಿಗ್ರಿಯ ಇಳಿಜಾರಿನ ತುದಿಯನ್ನಷ್ಟೇ 30 ಡಿಗ್ರಿಗೆ ಹರಿತ ಮಾಡಿಕೊಳ್ಳಬೇಕು. ಮೆದು ಮರಕ್ಕೆ ಮೊಂಡು ಉಳಿಯೂ ನಡೆಯುತ್ತದೆ ಎಂಬುದು ತಪ್ಪು ತಿಳುವಳಿಕೆ. ಕಿನ್ನಾಳದ ಗೊಂಬೆಗಳಿಗೆ ಬಳಸುವಂಥ ಹಗುರ ಮರದ ನಾರು ಮೊಂಡು ಅಲಗಿಗೆ ಕತ್ತರಿಸುವುದಿಲ್ಲ, ಜಜ್ಜಿಹೋಗುತ್ತದೆ. ಅಲ್ಲಿಯೇ ಹರಿತ ಹೆಚ್ಚು ಬೇಕು.

ಮೇಲ್ಮೈ ನುಣುಪು ಮಾಡಲು ಸುಮಾರು 50 ಮಿ.ಮೀ. ಅಗಲದ ಅಲಗಿರುವ ಒಂದು ರಂದಾ, ಜೊತೆಗೆ ಕೈ ಡ್ರಿಲ್, ಎರಡು ಕ್ಲಾಂಪ್, ಒಂದು ಸುತ್ತಿಗೆ ಸೇರಿದರೆ ಆರಂಭದ ಪಟ್ಟಿ ಮುಗಿಯಿತು. ವಿದ್ಯುತ್ ಯಂತ್ರಗಳನ್ನು ಕೈ ಪಳಗಿದ ಮೇಲೆ ನೋಡಬಹುದು.

ನಮ್ಮ ಭಾಗದ ಬೇಸಿಗೆಯ ಒಣ ಬಿಸಿಲಿಗೆ ಹಿಡಿಯ ಮರ ಕುಗ್ಗಿ ಸುತ್ತಿಗೆಯ ತಲೆ ಸಡಿಲವಾಗುತ್ತದೆ. ಅದನ್ನು ನೀರಿನಲ್ಲಿ ನೆನೆಸಿದರೆ ಒಂದೆರಡು ದಿನ ಬಿಗಿಯಾದಂತೆ ಕಂಡು, ಒಣಗಿದ ಮೇಲೆ ಇನ್ನಷ್ಟು ಸಡಿಲಾಗುತ್ತದೆ. ತಲೆಯ ಮೇಲ್ಭಾಗದಿಂದ ಹಿಡಿಯೊಳಗೆ ಹೊಸ ಬೆಣೆ ಹೊಡೆದು ಬಿಗಿ ಮಾಡಿದ ನಂತರವೇ ಅದನ್ನು ಕೈಗೆತ್ತಿಕೊಳ್ಳಬೇಕು.