ಸಿ ಭಾಷೆಯಲ್ಲಿ ‘ಕ’ ಹುಡುಕಿದ್ದು: ನನ್ನ ಅನುಭವ

ಪದಬಂಧ ಕಟ್ಟುವುದಕ್ಕೆಂದು ನನ್ನದೊಂದು ಪದಪಟ್ಟಿ ಇದೆ. ಸಾಲಿಗೊಂದು ಪದ, ಪಕ್ಕದಲ್ಲಿ ಸಮ ಚಿಹ್ನೆ, ಆಮೇಲೆ ಅರ್ಥ. ಅದನ್ನು ಓದುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದೆ.

ಸಮ ಚಿಹ್ನೆ ಹುಡುಕುವುದು ಸುಲಭ. ಅದಕ್ಕೆ ಸಿಯಲ್ಲಿ ಸ್ಟ್ರ್‌ಚರ್ (strchr) ಎಂಬ ಸಿದ್ಧ ಫಂಕ್ಷನ್ ಇದೆ. ಸ್ಟ್ರ್‌ಚರ್‌ಗೆ ಸಾಲನ್ನೂ ಚಿಹ್ನೆಯನ್ನೂ ಕೊಟ್ಟರೆ, ಅದು ಮೊದಲು ಸಿಕ್ಕ ಜಾಗದ ಪಾಯಿಂಟರ್, ಅಂದರೆ ವಿಳಾಸ, ಬರುತ್ತದೆ. ಸಿಗದಿದ್ದರೆ ನಲ್, ಅಂದರೆ ಖಾಲಿ ಪಾಯಿಂಟರ್. ನಲ್ ಬಂತಾ ಅಂತ ನೋಡದೆ ಮುಂದಕ್ಕೆ ಹೋಗಲೇಬಾರದು. ಸಿಕ್ಕ ಜಾಗದಲ್ಲಿ ಸೊನ್ನೆ ಬೈಟ್ ಇಟ್ಟರೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಅಲ್ಲಿಗೆ ಮುಗಿಯುತ್ತದೆ; ಪದ ಬೇರೆ, ಅರ್ಥ ಬೇರೆ. ಕನ್ನಡದ ಸಾಲಿನಲ್ಲೂ ಇದು ಕೈಕೊಡುವುದಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಬೈಟುಗಳೆಲ್ಲ 128 ಅಥವಾ ಅದಕ್ಕಿಂತ ಜಾಸ್ತಿ. ಸಮ ಚಿಹ್ನೆಯ ಬೆಲೆ 61.

‘ಕ’ ಇರುವ ಪದ ಬೇಕಾದಾಗ ಕೆಲಸ ಹೆಚ್ಚಿತು. ಸ್ಟ್ರ್‌ಚರ್ ಹುಡುಕುವುದು ಒಂದೇ ಬೈಟನ್ನು. ‘ಕ’ಕ್ಕೆ ಮೂರು ಬೈಟ್: 224, 178, 149. ಆದರೂ ಏನಾಗುತ್ತದೆ ನೋಡೋಣ ಅಂತ ‘ಕ’ವನ್ನೇ ಒಂದು ಅಕ್ಷರವಾಗಿ ಸ್ಟ್ರ್‌ಚರ್‌ಗೆ ಕೊಟ್ಟು, ಜಿಸಿಸಿ ಎಂಬ ಕಂಪೈಲರ್‌ಗೆ ಹಾಕಿದೆ. ಎಚ್ಚರಿಕೆ ಬಂತು, ಕಂಪೈಲೂ ಆಯಿತು. ‘ಕನ್ನಡ’ ಪದದಲ್ಲಿ ಸಿಕ್ಕ ಜಾಗ (ಬೈಟುಗಳ ಎಣಿಕೆ 0ಯಿಂದ) 0 ಅಲ್ಲ, 2! ಕೊನೆಯ ಬೈಟ್ 149 ಮಾತ್ರ ಉಳಿದುಕೊಂಡು, ಅದನ್ನೇ ಹುಡುಕಿತ್ತು. ತೆಲುಗು, ತಮಿಳು, ಮಲಯಾಳಂ, ದೇವನಾಗರಿಯ ‘ಕ’ಗಳೂ 149ರಲ್ಲೇ ಮುಗಿಯುತ್ತವೆ. ಯೂನಿಕೋಡ್ ಈ ಲಿಪಿಗಳನ್ನು ಇಸ್ಕಿಯ (ಭಾರತೀಯ ಲಿಪಿಗಳ ಹಳೆಯ ಸಂಕೇತ ಪದ್ಧತಿಯ) ಕ್ರಮ ಹಿಡಿದು ಜೋಡಿಸಿದೆ, ಅದಕ್ಕೇ ಈ ಹೊಂದಿಕೆ. ಇದನ್ನು ಕಂಡು ನನಗೆ ನಿಜಕ್ಕೂ ಖುಷಿಯಾಯಿತು.

ಇದಕ್ಕೆ ಸರಿಯಾದದ್ದು, ಸ್ಟ್ರಿಂಗಿನೊಳಗೆ ಸ್ಟ್ರಿಂಗ್ ಹುಡುಕುವ ಫಂಕ್ಷನ್ ಸ್ಟ್ರ್‌ಸ್ಟ್ರ್. ‘ಕ’ವನ್ನು ಪುಟ್ಟ ಸ್ಟ್ರಿಂಗ್ ಆಗಿ ಕೊಟ್ಟರೆ ಮೂರೂ ಬೈಟನ್ನು ಒಟ್ಟಿಗೆ ಹುಡುಕುತ್ತದೆ. ಬೇರೆ ಅಕ್ಷರದ ಮಧ್ಯದಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ.

ಆದರೆ ‘ಕಿವಿ’, ‘ಅಕ್ಕ’ ಕೂಡ ಬಂದುಬಿಡುತ್ತವೆ. ‘ಕಿ’ ಅಂದರೆ ಒಳಗೆ ‘ಕ’, ಅದರ ಹಿಂದೆಯೇ ಗುಡಿಸು. ಪದಬಂಧದ ಮನೆಯಲ್ಲಿ ‘ಕ’ ಬೇರೆ, ‘ಕಿ’ ಬೇರೆ ಅಲ್ವಾ? ಹಾಗಾಗಿ ಸಿಕ್ಕಿದ ‘ಕ’ದ ಎರಡೂ ಪಕ್ಕ ನೋಡುತ್ತೇನೆ. ಮುಂದಿನ ಮೂರು ಬೈಟ್ 224, 178 ಆಗಿ ಕೊನೆಯದು 190 ಅಥವಾ 191 ಇದ್ದರೆ, ಇಲ್ಲವೇ 224, 179 ಆಗಿ ಕೊನೆಯದು 128ರಿಂದ 141ರೊಳಗೆ ಇದ್ದರೆ, ಅದು ಸ್ವರ ಚಿಹ್ನೆ ಅಥವಾ ಅರ್ಧಾಕ್ಷರದ ಗುರುತು. ಅದನ್ನು ಬಿಟ್ಟು ಮೂರು ಬೈಟ್ ಮುಂದಿನಿಂದ ಮತ್ತೆ ಹುಡುಕುತ್ತೇನೆ. ಹಿಂದಿನ ಮೂರು 224, 179, 141 ಇದ್ದರೆ ಅದು ಒತ್ತಕ್ಷರ, ಅದೂ ಬೇಡ. ಹಿಂದೆ ನೋಡುವ ಮೊದಲು ಸ್ಟ್ರಿಂಗಿನ ಶುರುವಿನಲ್ಲೇ ಇದ್ದೇವಾ ಅಂತ ಪರೀಕ್ಷಿಸಬೇಕು. ಈಗ ‘ಕಮಲ’, ‘ಪುಸ್ತಕ’ ಸಿಗುತ್ತವೆ, ‘ಅಕ್ಕ’ ಸಿಗುವುದಿಲ್ಲ.

ಹೋಲಿಸುವಾಗ ಬೈಟನ್ನು ಅನ್‌ಸೈನ್ಡ್ ಕ್ಯಾರ್ (0ಯಿಂದ 255ರವರೆಗಿನ ಬೆಲೆ ಹಿಡಿಯುವ ಬಗೆ) ಮಾಡಿಕೊಳ್ಳಿ. ನನ್ನ ಯಂತ್ರದಲ್ಲಿ ಸಾದಾ ಕ್ಯಾರ್ ಇಟ್ಟರೆ 224 ಅನ್ನುವುದು -32 ಆಗಿ ಕಾಣುತ್ತದೆ, ಯಾವ ಹೋಲಿಕೆಯೂ ಕೂಡಿಬರುವುದಿಲ್ಲ.