ಕರಾವಳಿಯ ಮನೆಗೆ ಎಷ್ಟು ದೊಡ್ಡ ಡಿಶ್?

ಪತ್ತನಾಜೆ (ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಗೆ ಬರುವ ತುಳುವರ ವಿಶೇಷ ದಿನ) ಕಳೆದು ಮೊದಲ ಜೋರು ಮಳೆ ಬಿದ್ದ ಮರುದಿನ ನನಗೆ ಬರುವ ಕರೆಗಳು ಬಹುಪಾಲು ಒಂದೇ ಬಗೆಯವು: "ಚಿತ್ರವೇ ಬರುತ್ತಿಲ್ಲ ಮಾರಾಯರೇ, ಇನ್ನೂ ದೊಡ್ಡ ಡಿಶ್ ಹಾಕಿಸಬೇಕೆ?" ಕಳೆದ ಮಳೆಗಾಲದಲ್ಲಿ ಕಾಪು ಕಡೆಯ ಒಂದು ಮನೆಗೆ ಹೋದೆ. ಅಲ್ಲಿ ಡಿಶ್ ಆಗಲೇ ದೊಡ್ಡದಾಗಿತ್ತು. ನಾಲ್ಕು ಅಡಿಯದನ್ನು ತಂದು ತಾರಸಿಯ ಮೇಲಿನ ಶೀಟಿನ ಮಾಡಿನ ಕಬ್ಬಿಣಕ್ಕೆ ಬಿಗಿದಿದ್ದರು. ಗಾಳಿ ಬೀಸಿದಾಗ ಶೀಟು ನಡುಗುತ್ತಿತ್ತು, ಶೀಟಿನೊಡನೆ ಡಿಶ್ ನಡುಗುತ್ತಿತ್ತು, ಕೆಳಗೆ ಚಾವಡಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಅದನ್ನು ಇಳಿಸಿ, ಮೂಲೆಗೆ ಬಿದ್ದಿದ್ದ ಹಳೆಯ ಎರಡಡಿಯ ಡಿಶ್ಶನ್ನೇ ಕಾಂಕ್ರೀಟಿನ ಮೇಲೆ ಕೂರಿಸಿದೆವು. ಆ ವರ್ಷದ ಆಟಿಯಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ಅವರ ಟಿವಿ ನಿಂತದ್ದು ಧೋ ಎಂದು ಸುರಿಯುವ ಹೊತ್ತಿನಲ್ಲಿ ಮಾತ್ರ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ತಾರಸಿಗೆ ಹೋಗಿ. ನಿಮ್ಮ ಮನೆಯಲ್ಲಿ ಅಲುಗಾಡದಂತೆ ನಿಲ್ಲಿಸಲು ಸಾಧ್ಯವಿರುವ ಗಾತ್ರವೇ ನಿಮಗೆ ಸರಿಯಾದ ಗಾತ್ರ.

ಹೆಜ್ಜೆ 1: ಯಾವ ಸೇವೆ ಎಂದು ಗೊತ್ತುಮಾಡಿಕೊಳ್ಳಿ

ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಅದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಖಾಸಗಿ ಡಿಟಿಎಚ್ ಸೇವೆಗಳ ಉಪಗ್ರಹಗಳು ಬೇರೆ ಬೇರೆ ಜಾಗದಲ್ಲಿವೆ. ಎಲ್ಲವೂ ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳ ಗುಂಪಿನವೇ. ಮುಂದಿನ ಅಳತೆಗಳನ್ನು ಫ್ರೀ ಡಿಶ್ಶಿಗೆ ಹೊಂದಿಸಿ ಬರೆದಿದ್ದೇನೆ.

ಇಲ್ಲಿಯೇ ಎರಡು ತಪ್ಪು ತಿಳಿವಳಿಕೆಗಳನ್ನು ಬಿಟ್ಟುಬಿಡಬೇಕು. ಮನೆಯಲ್ಲಿ ಎರಡು ಟಿವಿ ಇದ್ದರೆ ಡಿಶ್ ದೊಡ್ಡದಾಗಬೇಕಾಗಿಲ್ಲ. ಡಿಶ್ಶಿನ ಎದುರು ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ, ಎರಡು ಬಾಯಿಯ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆದರೆ ಆಯಿತು. ಡಿಶ್ ದೊಡ್ಡದಾದರೆ ಹೆಚ್ಚು ಚಾನೆಲ್ ಬರುತ್ತದೆ ಎಂಬುದೂ ಸುಳ್ಳು. ಚಂದನ ಎರಡಡಿಯಲ್ಲಿ ಬಂದರೂ ಮೂರಡಿಯಲ್ಲಿ ಬಂದರೂ ಅದೇ ಚಂದನ.

ಹೆಜ್ಜೆ 2: ಆಕಾಶ ನೋಡಿ

ಉಡುಪಿ, ಮಂಗಳೂರುಗಳಿಂದ ಈ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿದೆ. ಮೊಬೈಲ್ ದಿಕ್ಸೂಚಿಯಲ್ಲಿ ಸುಮಾರು 124 ಡಿಗ್ರಿ, ಅಂದರೆ ಪೂರ್ವಕ್ಕೆ ಮುಖ ಮಾಡಿ ನಿಂತು ಬಲಕ್ಕೆ 34 ಡಿಗ್ರಿ ತಿರುಗಿದರೆ ಅದರ ದಿಕ್ಕು. ಎತ್ತರ ಸುಮಾರು 63 ಡಿಗ್ರಿ, ನೆತ್ತಿಗೆ ಹತ್ತಿರವೇ. ಕಾರ್ಕಳ, ಹೆಬ್ರಿ ಕಡೆಯವರು "ಘಟ್ಟ ಅಡ್ಡ ಬರುವುದಿಲ್ಲವೇ" ಎಂದು ಕೇಳುತ್ತಾರೆ. ಬರುವುದಿಲ್ಲ, ಅಷ್ಟು ಎತ್ತರದ ನೋಟಕ್ಕೆ ಘಟ್ಟದ ನೆತ್ತಿ ಎಲ್ಲೋ ಕೆಳಗೆ ಉಳಿಯುತ್ತದೆ. ನಮ್ಮಲ್ಲಿ ಅಡ್ಡ ಬರುವುದು ತೆಂಗು, ಹಲಸು, ಮಾವು.

ಮರದ ಲೆಕ್ಕಕ್ಕೆ ಒಂದು ಸುಲಭ ಸೂತ್ರವಿದೆ. ಡಿಶ್ಶಿನ ಮಟ್ಟದಿಂದ ಮರ ಎಷ್ಟು ಎತ್ತರವಿದೆಯೋ ಅದರ ಅರ್ಧಕ್ಕಿಂತ ಹೆಚ್ಚು ದೂರದಲ್ಲಿ ಅದು ಇರಬೇಕು. ತಾರಸಿಯಿಂದ ಮೇಲಕ್ಕೆ ಎಂಟು ಮೀಟರ್ ಏರಿದ ತೆಂಗು ಆಗ್ನೇಯದಲ್ಲಿದ್ದರೆ, ನಾಲ್ಕು ಮೀಟರಿಗಿಂತ ಆಚೆ ಇದ್ದರೆ ಸಾಕು. ನಾನಾದರೆ ಆರು ಮೀಟರ್ ಬಿಡುತ್ತೇನೆ. ಮಡಲುಗಳು ಗಾಳಿಗೆ ಬಾಗುತ್ತವೆ, ಒದ್ದೆಯಾದ ಎಲೆ ಒಣ ಎಲೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ.

ಅಳತೆ ಬೇಡ, ಕಣ್ಣಲ್ಲೇ ನೋಡಬೇಕು ಎನ್ನುವವರಿಗೆ ಸೂರ್ಯನೇ ತೋರಿಸಿಕೊಡುತ್ತಾನೆ. ಮಾರ್ಚ್ 14ರ ಆಸುಪಾಸಿನಲ್ಲಿ ಬೆಳಿಗ್ಗೆ 11 ಗಂಟೆ 10 ನಿಮಿಷದ ಹೊತ್ತಿಗೆ, ಸೆಪ್ಟೆಂಬರ್ 28ರ ಆಸುಪಾಸಿನಲ್ಲಿ 11ಕ್ಕೆ ಐದು ನಿಮಿಷ ಇರುವಾಗ, ನಮ್ಮ ಊರಿನಿಂದ ನೋಡಿದರೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಇರುತ್ತಾನೆ. ಆ ಹೊತ್ತಿಗೆ ತಾರಸಿಯಲ್ಲಿ ಎಲ್ಲಿ ಪೂರ್ತಿ ಬಿಸಿಲು ಬಿದ್ದಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಡಿಶ್ಶಿನ ಜಾಗ ಅದೇ. ಆ ದಿನಗಳಲ್ಲಿ ಬಿಸಿಲಿದ್ದರೂ ಕೆಲವು ನಿಮಿಷ ಚಿತ್ರ ಹೋಗಿ ಬರುವುದುಂಟು; ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಮುಳುಗುವುದರಿಂದ ಹಾಗಾಗುತ್ತದೆ, ಗಾಬರಿ ಬೇಡ.

ಒಂದು ಎಚ್ಚರಿಕೆ. ಮನೆಗಳ ಮೇಲೆ ಕಾಣುವ, ಎಲ್‌ಎನ್‌ಬಿ ನಡುವೆ ಇರದೆ ಕೆಳಗಿನ ತೋಳಿನಲ್ಲಿರುವ ಆಫ್‌ಸೆಟ್ ಡಿಶ್ ತಾನು ನೋಡುತ್ತಿರುವಂತೆ ಕಾಣುವ ಕಡೆಗೆ ನೋಡುತ್ತಿರುವುದಿಲ್ಲ. ಅದರ ನಿಜವಾದ ನೋಟ ಮುಖಕ್ಕಿಂತ 20ರಿಂದ 25 ಡಿಗ್ರಿ ಮೇಲಕ್ಕಿದೆ. ಇದು ಗೊತ್ತಿಲ್ಲದೆ, ಡಿಶ್ಶಿನ ನೇರಕ್ಕೆ ಕಾಣುತ್ತಿದೆ ಎಂದು ಒಳ್ಳೆಯ ಫಲ ಕೊಡುವ ಮಾವಿನ ಮರವನ್ನು ಕಡಿಸಿದ ಮನೆಯನ್ನು ನಾನು ನೋಡಿದ್ದೇನೆ. ಮರ ಹೋಯಿತು, ಸಿಗ್ನಲ್ ಇದ್ದಷ್ಟೇ ಉಳಿಯಿತು. ದಯವಿಟ್ಟು ಲೆಕ್ಕ ಹಾಕದೆ ಕತ್ತಿ ಎತ್ತಬೇಡಿ.

ಹೆಜ್ಜೆ 3: ಗಾತ್ರದ ಲೆಕ್ಕ

ಜನ ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಅಂಗಳದಲ್ಲಿ ಮಳೆನೀರಿಗೆ ಪಾತ್ರೆ ಇಟ್ಟಂತೆ ಡಿಶ್: ಬಾಯಿ ಅಗಲವಾದಷ್ಟೂ ಹೆಚ್ಚು ತುಂಬುತ್ತದೆ. ಬಾಯಿಯ ಲೆಕ್ಕ ವಿಸ್ತೀರ್ಣದಲ್ಲಿ ಬರುವುದರಿಂದ 60 ಸೆಂ.ಮೀ. ಬಿಟ್ಟು 90 ಸೆಂ.ಮೀ. ಹಾಕಿದರೆ ಸಿಗುವುದು ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ತಂತ್ರಜ್ಞರ ಭಾಷೆಯಲ್ಲಿ ಮೂರೂವರೆ ಡೆಸಿಬೆಲ್. 120 ಸೆಂ.ಮೀ. ಹಾಕಿದರೆ ನಾಲ್ಕು ಪಟ್ಟು, ಆರು ಡೆಸಿಬೆಲ್. ಬಿಸಿಲಿನ ದಿನ 60 ಸೆಂ.ಮೀ. ಡಿಶ್ಶೇ ಬೇಕಾದಷ್ಟಾಯಿತು. ಉಳಿದದ್ದೆಲ್ಲ ಮಳೆಗಾಗಿ ಕೂಡಿಟ್ಟ ಉಳಿತಾಯ.

ಆ ಉಳಿತಾಯ ಎಷ್ಟಕ್ಕೆ ಸಾಕು? ಕೆಯು ಬ್ಯಾಂಡಿನ ಅಲೆಯ ಉದ್ದ ಸುಮಾರು ಎರಡೂವರೆ ಸೆಂ.ಮೀ. ಅಷ್ಟು ಚಿಕ್ಕ ಅಲೆಯನ್ನು ದಪ್ಪ ಮಳೆಹನಿಗಳು ಹೀರಿ, ಚದುರಿಸಿಬಿಡುತ್ತವೆ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವ ಊರು ನಮ್ಮದು. ಸಾಧಾರಣ ಮಳೆ ಕಸಿಯುವ ಎರಡು ಮೂರು ಡೆಸಿಬೆಲ್‌ಗಳನ್ನು 90 ಸೆಂ.ಮೀ. ಡಿಶ್ ತುಂಬಿಕೊಡುತ್ತದೆ. ಆದರೆ ಎದುರಿನ ಮನೆ ಕಾಣದಂತೆ ಸುರಿಯುವ ಮಳೆ ಹತ್ತು ಡೆಸಿಬೆಲ್‌ಗೂ ಹೆಚ್ಚು ಕಸಿಯಬಲ್ಲದು. ಅಂತಹ ಮಳೆಗೆ 60, 90, 120 ಎಲ್ಲವೂ ಶರಣು. ಡಿಜಿಟಲ್ ಚಿತ್ರ ಹಳೆಯ ಟಿವಿಯಂತೆ ಮಸುಕಾಗುತ್ತಾ ಹೋಗುವುದಿಲ್ಲ. ಒಂದು ಗೆರೆ ದಾಟುವವರೆಗೆ ಚೊಕ್ಕವಾಗಿ ಇರುತ್ತದೆ, ದಾಟಿದ ಕೂಡಲೇ ಒಡೆದು ಹೋಗುತ್ತದೆ. ದೊಡ್ಡ ಡಿಶ್ ಮಾಡುವ ಕೆಲಸವೆಂದರೆ ಆ ಗೆರೆಯನ್ನು ಇನ್ನಷ್ಟು ದೂರ ತಳ್ಳುವುದು: ಹದಿನೈದು ನಿಮಿಷ ಹೋಗುತ್ತಿದ್ದ ಚಿತ್ರ ಐದೇ ನಿಮಿಷಕ್ಕೆ ಮರಳೀತು.

ಈಗ ನಾಣ್ಯದ ಇನ್ನೊಂದು ಮುಖ. ಡಿಶ್ ದೊಡ್ಡದಾದಂತೆ ಅದರ ನೋಟ ಕಿರಿದಾಗುತ್ತದೆ. 60 ಸೆಂ.ಮೀ. ಡಿಶ್ಶಿನ ನೋಟದ ಅಗಲ ಸುಮಾರು ಮೂರು ಡಿಗ್ರಿ, 90ರದ್ದು ಎರಡು ಡಿಗ್ರಿ, 120ರದ್ದು ಒಂದೂವರೆ. 90 ಸೆಂ.ಮೀ. ಡಿಶ್ ಒಂದೇ ಡಿಗ್ರಿ ವಾರೆಯಾದರೆ ಮೂರು ಡೆಸಿಬೆಲ್ ನಷ್ಟ. ದುಡ್ಡು ಕೊಟ್ಟು ಪಡೆದ ಮೂರೂವರೆಯಲ್ಲಿ ಮೂರು ಹೋಯಿತು! ಒಂದು ಡಿಗ್ರಿ ಎಂದರೆ ಎಷ್ಟು? ಡಿಶ್ಶಿನ ಮೇಲಂಚು ಒಂದೂವರೆ ಸೆಂ.ಮೀ. ಹಿಂದಕ್ಕೆ ಸರಿದರೆ ಅಷ್ಟಾಯಿತು. ಒಂದು ನಟ್ ಸಡಿಲವಾದರೆ ಸಾಕು.

ಗಾಳಿಯ ಒತ್ತಡವೂ ವಿಸ್ತೀರ್ಣದೊಡನೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಎದುರಿನಿಂದ ಬಂದರೆ 60 ಸೆಂ.ಮೀ. ಡಿಶ್ಶಿನ ಮೇಲೆ ಅಂದಾಜು ಆರು ಕಿಲೋ ತೂಕ ಹೇರಿದಂತೆ, 90ರ ಮೇಲೆ ಹದಿಮೂರು, 120ರ ಮೇಲೆ ಇಪ್ಪತ್ತಮೂರು. ಮಲ್ಪೆ, ಉಳ್ಳಾಲದಂತಹ ಕಡಲಂಚಿನ ಮನೆಗಳಲ್ಲಿ ಗಾಳಿಗೆ ತಡೆಯೇ ಇಲ್ಲ.

ಇದನ್ನೆಲ್ಲ ಕೂಡಿಸಿ ಕಳೆದು ನಾನು ಹೇಳುವುದು: ಗಟ್ಟಿ ಕಾಂಕ್ರೀಟಿನ ಬುಡ ಇದ್ದರೆ 90 ಸೆಂ.ಮೀ. ಹಾಕಿ. ಇಲ್ಲವಾದರೆ 60ರಲ್ಲೇ ನಿಲ್ಲಿ. 45 ಸೆಂ.ಮೀ. ಡಿಶ್ ಅಗ್ಗವಾಗಿ ಸಿಗುತ್ತದೆ, ನಮ್ಮ ಕರಾವಳಿಗೆ ಅದು ಬೇಡವೇ ಬೇಡ. ಕೆಯು ಬ್ಯಾಂಡಿಗೆ 120 ಸೆಂ.ಮೀ. ಹಾಕುವುದು ಮನೆಯ ತಾರಸಿಯ ಮಟ್ಟಿಗೆ ದುಡ್ಡು ದಂಡ.

ಆರಡಿ, ಎಂಟಡಿಯ ಡಿಶ್ ಬೇಕಾಗುವುದು ಸಿ ಬ್ಯಾಂಡಿಗೆ. ಅದರ ಅಲೆ ಏಳು ಸೆಂ.ಮೀ.ಗೂ ಉದ್ದ, ಮಳೆ ಅದನ್ನು ಹೆಚ್ಚು ಕಾಡುವುದಿಲ್ಲ. ಹಾಕುವುದಾದರೆ ತಾರಸಿ ಬಿಟ್ಟು ಅಂಗಳದಲ್ಲಿ ಸಿಮೆಂಟು ಕಟ್ಟೆ ಮಾಡಿ ನಿಲ್ಲಿಸಿ. ಹತ್ತಿರದಲ್ಲಿ 5ಜಿ ಟವರ್ ಇದ್ದರೆ ಎಲ್‌ಎನ್‌ಬಿಗೆ ಫಿಲ್ಟರ್ ಬೇಕಾಗಬಹುದು, ಎರಡರ ತರಂಗಾಂತರಗಳೂ ನೆರೆಹೊರೆಯವು.

ಹೆಜ್ಜೆ 4: ಬುಡ

ಹಂಚಿನ ಮಾಡಿಗೆ, ಹಂಚು ಹೊರುವ ಮರದ ಪಕ್ಕಾಸಿಗೆ ಡಿಶ್ ಕಟ್ಟಬೇಡಿ. ಶೀಟಿನ ಮಾಡಿನ ಕಬ್ಬಿಣಕ್ಕೂ ಬೇಡ, ಕಾರಣ ಮೊದಲೇ ಹೇಳಿದೆ. ಕೆಂಪುಕಲ್ಲಿನ ಗೋಡೆ ನೋಡಲು ಗಟ್ಟಿ, ಆದರೆ ಅದಕ್ಕೆ ಆಂಕರ್ ಬೋಲ್ಟ್ ಹೊಡೆದರೆ ಕಲ್ಲು ಒಳಗೇ ಪುಡಿಯಾಗುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿದ್ದ ಬೋಲ್ಟ್ ಎರಡು ಮಳೆಗೆ ಅಲ್ಲಾಡತೊಡಗುತ್ತದೆ. ಆರ್‌ಸಿಸಿ ಸ್ಲ್ಯಾಬ್, ಬೀಮ್ ಅಥವಾ ಕಂಬದ ಮೇಲೆಯೇ ಕೂರಿಸಿ. ಸ್ಲ್ಯಾಬಿಗೆ ತೂತು ಹೊಡೆದರೆ ಸೋರುತ್ತದೆ ಎಂಬ ಭಯ ನ್ಯಾಯವಾದದ್ದೇ. ಹಾಗಿರುವಾಗ ತಾರಸಿಯ ಮೇಲೆ ಎರಡಡಿ ಚೌಕದ ಕಾಂಕ್ರೀಟು ದಿಮ್ಮಿ ಎರೆದು, ಅದರಲ್ಲೇ ಬೋಲ್ಟುಗಳನ್ನು ಹುದುಗಿಸಿ. ವಾರ ನೀರುಣಿಸಿ. ನಾಲ್ಕು ಮರಳು ಚೀಲ ಇಟ್ಟು ಮುಗಿಸುವವರಿದ್ದಾರೆ. ಚೀಲ ಹರಿಯುವವರೆಗೆ ಅದು ಸರಿ.

ಡಿಶ್ ನಿಲ್ಲುವ ಕೊಳವೆ ನೆಟ್ಟಗಿರಬೇಕು. ಕಣ್ಣಂದಾಜು ಸಾಲದು, ರಸಮಟ್ಟ ಹಿಡಿದು ಎರಡು ಕಡೆಯಿಂದ ನೋಡಿ. ಕೊಳವೆ ವಾಲಿದ್ದರೆ ಆಮೇಲೆ ಡಿಶ್ಶನ್ನು ಎಡಬಲ ತಿರುಗಿಸಿದಂತೆಲ್ಲ ಎತ್ತರವೂ ಬದಲಾಗುತ್ತಾ ಹೋಗಿ, ಇಡೀ ಮಧ್ಯಾಹ್ನ ಹೋಗುತ್ತದೆ.

ಹೆಜ್ಜೆ 5: ಅಂಗಡಿಯಲ್ಲಿ

ಅಳತೆ ಟೇಪು ಮತ್ತು ಮೂರು ಗಜ ನೂಲು ತೆಗೆದುಕೊಂಡು ಹೋಗಿ. ಆಫ್‌ಸೆಟ್ ಡಿಶ್ ಅಗಲಕ್ಕಿಂತ ಎತ್ತರ ಸ್ವಲ್ಪ ಹೆಚ್ಚು. ಲೆಕ್ಕಕ್ಕೆ ಬರುವುದು ಅಗಲ. ಎತ್ತರವನ್ನು ಅಳೆದು "ಮೂರಡಿ" ಎಂದು ಮಾರುವುದನ್ನು ಕಂಡಿದ್ದೇನೆ, ನೀವೇ ಅಡ್ಡಕ್ಕೆ ಅಳೆಯಿರಿ.

ಬಳಿಕ ನೂಲಿನ ಪರೀಕ್ಷೆ. ಡಿಶ್ಶಿನ ಬಾಯಿಗೆ ಮೇಲಿಂದ ಕೆಳಕ್ಕೆ ಒಂದು, ಎಡದಿಂದ ಬಲಕ್ಕೆ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ನಡುವೆ ಎರಡೂ ಒಂದಕ್ಕೊಂದು ತಾಗಿದರೆ ಅಂಚು ಸಮವಾಗಿದೆ. ನಡುವೆ ಬೆರಳು ತೂರುವಷ್ಟು ಜಾಗವಿದ್ದರೆ, ಅಥವಾ ಒಂದು ಇನ್ನೊಂದನ್ನು ಒತ್ತಿ ಬಾಗಿಸಿದರೆ, ಡಿಶ್ ತಿರುಚಿದೆ, ಬೇರೆ ಕೇಳಿ. ತೆಳು ತಗಡಿನ 90 ಸೆಂ.ಮೀ. ಡಿಶ್ಶುಗಳಲ್ಲಿ ಈ ದೋಷ ಸಾಮಾನ್ಯ. ಅಂಚನ್ನು ಹಿಡಿದು ಒತ್ತಿದರೆ ಬಾಗುವಂಥದ್ದನ್ನು ಕೊಳ್ಳುವುದಕ್ಕಿಂತ ದಪ್ಪ ತಗಡಿನ 60 ಸೆಂ.ಮೀ. ಮೇಲು. ಉಪ್ಪುಗಾಳಿಗೆ ಮೊದಲು ತುಕ್ಕು ಹಿಡಿಯುವುದು ನಟ್ಟು ಬೋಲ್ಟು, ಅವು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ಎಲ್‌ಎನ್‌ಬಿ ಹಿಡಿಯುವ ತೋಳು ಆ ಡಿಶ್ಶಿನ ಜೊತೆಯಲ್ಲೇ ಬಂದದ್ದಾಗಿರಬೇಕು. ಹಳೆಯ ಡಿಶ್ಶಿನ ತೋಳನ್ನು ಹೊಸದಕ್ಕೆ ಜೋಡಿಸಿದರೆ ಕೇಂದ್ರ ತಪ್ಪುತ್ತದೆ.

ಹೆಜ್ಜೆ 6: ತಿರುಗಿಸಿ ಬಿಗಿಯುವುದು

ಆರ್‌ಜಿ-6 ಕೇಬಲ್, ಜೋಡಣೆಗೆ ರಬ್ಬರ್ ಟೇಪು, ಕಿಟಕಿಗೆ ಬರುವ ಮೊದಲು ಕೇಬಲಿನಲ್ಲಿ ಒಂದು ಇಳಿಬಿದ್ದ ಬಳುಕು ಇರಲಿ, ಮಳೆನೀರು ಒಳಗೆ ಬಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ಎಲ್‌ಎನ್‌ಬಿಗೆ ಪ್ಲಾಸ್ಟಿಕ್ ಚೀಲ ಕಟ್ಟಬೇಡಿ, ನೀರಿನ ಪೊರೆ ಅದರ ಮೇಲೆಯೇ ನಿಂತು ಸಿಗ್ನಲ್ ತಡೆಯುತ್ತದೆ.

ಸೆಟ್‌ಟಾಪ್ ಬಾಕ್ಸಿನಲ್ಲಿ ಎರಡು ಪಟ್ಟಿಗಳು ಕಾಣುತ್ತವೆ. ಸ್ಟ್ರೆಂತ್ ಮರೆತುಬಿಡಿ, ಕ್ವಾಲಿಟಿ ನೋಡಿ. ಚಿತ್ರ ಬಂದ ಕೂಡಲೇ ಸ್ಪ್ಯಾನರ್ ಕೆಳಗಿಡುವುದು ಎಲ್ಲರೂ ಮಾಡುವ ತಪ್ಪು. ಬಿಸಿಲಿನಲ್ಲಿ ಬಂದ ಚಿತ್ರ ಮಳೆಯಲ್ಲಿ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಡಿಶ್ಶನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ ಕ್ವಾಲಿಟಿ ಇಳಿಯುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಬಲಕ್ಕೂ ಹಾಗೆಯೇ ಮಾಡಿ, ಎರಡು ಗುರುತುಗಳ ನಟ್ಟನಡುವೆ ನಿಲ್ಲಿಸಿ. ಮೇಲೆ ಕೆಳಗೂ ಇದೇ ರೀತಿ. ಕೊನೆಗೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ಹೊರಳಿಸಿ ನೋಡಿ. ನಟ್ಟುಗಳನ್ನು ಒಂದೊಂದಾಗಿ, ಸರದಿಯಲ್ಲಿ ಬಿಗಿಯಿರಿ. ಬಿಗಿಯುವಾಗಲೇ ಡಿಶ್ ಸರಿಯುತ್ತದೆ, ಆದ್ದರಿಂದ ಒಬ್ಬರು ಕೆಳಗೆ ಕೂತು ಕ್ವಾಲಿಟಿ ಕೂಗಿ ಹೇಳುತ್ತಿರಲಿ.

ಆ ಅಂಕಿಯನ್ನು ದಿನಾಂಕದೊಡನೆ ಬಾಕ್ಸಿನ ಬೆನ್ನಿಗೆ ಬರೆದು ಅಂಟಿಸಿ. ಪ್ರತಿ ವರ್ಷ ಪತ್ತನಾಜೆಗೆ ಮೊದಲು, ಬಿಸಿಲಿನ ದಿನವೊಂದರಲ್ಲಿ ಮತ್ತೆ ನೋಡಿ. ಅಂಕಿ ಇಳಿದಿದ್ದರೆ ಹೊಸ ಡಿಶ್ ಕೇಳುವ ಮೊದಲು ನಟ್ಟು, ಜೋಡಣೆಯ ಹಸಿರು ಕಿಲುಬು, ಆಗ್ನೇಯದ ಆ ತೆಂಗು ಎಷ್ಟು ಬೆಳೆದಿದೆ ಎಂಬುದನ್ನು ಇದೇ ಕ್ರಮದಲ್ಲಿ ನೋಡಿಕೊಳ್ಳಿ.